ಗೋರಿಕಲ್ಲುಗಳ ಮೇಲಿನ ವಿನೋದ ಲೇಖಗಳು



ಸತ್ತವರ ನೆನಪಿಗಾಗಿ ಕಲ್ಲು ನಿಲ್ಲಿಸುವ ಪದ್ಧತಿಯು ಬಹು ಪುರಾತನವಾದುದು. ಯಾಕೋಬನು ಎಫ್ರಾತದ ದಾರಿಯಲ್ಲಿ ರಾಹೇಲಳನ್ನು ಮಣ್ಣುಮಾಡಿ, ಆಕೆಯ ಸಮಾಧಿಯ ಮೇಲೆ ಸ್ತಂಭವೊಂದನ್ನು ನಿಲ್ಲಿಸಿದನೆಂದು ಆದಿಕಾಂಡದ ೩೫ನೆಯ ಅಧ್ಯಾಯದಲ್ಲಿ ನೀವೆಲ್ಲರೂ ಓದಿರುವಿರಿ. ಆ ಸ್ತಂಭದ ಮೇಲೆ ಏನಾದರೂ ಬರೆದಿತ್ತೆಂದು ಸತ್ಯವೇದವು ಹೇಳುವುದಿಲ್ಲ. ಬರಿಯ ಕಲ್ಲೇ ಅಲ್ಲಿ ಮಾತನಾಡಿತು. ಮುಂದೆ ಜನರು ಕಲ್ಲಿನ ಮೇಲೆ ಅಕ್ಷರಗಳನ್ನು ಕೆತ್ತಲು ಕಲಿತರು. ಅಕ್ಷರ ಬಂದ ಮೇಲೆ ಹೊಗಳಿಕೆಯೂ ಬಂತು, ಶಾಪವೂ ಬಂತು, ಕೆಲವೊಮ್ಮೆ ನಗೆಯೂ ಬಂತು. ಆ ನಗೆಯ ವಿಷಯವೇ ಈ ಪಾಠದ ವಸ್ತು.

ಇದನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ವಾಚನದ ಹೊತ್ತಿಗೆ ಒಬ್ಬ ಹುಡುಗಿಯು ಹಾಸ್ಯದ ಪುಸ್ತಕವೊಂದನ್ನು ತಂದು, ಗೋರಿಕಲ್ಲುಗಳ ಮೇಲೆ ಬರೆದಿರುವುವೆಂದು ಹೇಳಲಾದ ವಿಚಿತ್ರ ಮಾತುಗಳನ್ನು ಒಂದೊಂದಾಗಿ ಓದಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ನಗಲಿಲ್ಲ. ಅವಳ ಅಜ್ಜಿಯನ್ನು ಮಣ್ಣುಮಾಡಿ ಆಗ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಗಂಟೆ ಹೊಡೆದ ಮೇಲೆ ಅವಳು ನನ್ನ ಮೇಜಿನ ಬಳಿಗೆ ಬಂದು, “ಮಿಸ್, ಸತ್ತವರ ಕಲ್ಲನ್ನು ಓದಿ ನಗುವುದು ತಪ್ಪಲ್ಲವೇ?” ಎಂದು ಕೇಳಿದಳು. ಆ ಕ್ಷಣದಲ್ಲಿ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಈಗ ಹೇಳಬೇಕೆಂದಿರುವ ಉತ್ತರವು ಇಷ್ಟೆ: ನಗುವುದು ತಪ್ಪಲ್ಲ, ಆದರೆ ನಕ್ಕ ಮೇಲೆ ಅದೇ ಕಲ್ಲನ್ನು ಮತ್ತೊಂದಾವರ್ತಿ ಓದದೆ ಹೋಗುವುದು ತಪ್ಪು. ಇದು ಹೇಗೆಂಬುದನ್ನು ಕೆಲವು ಕಲ್ಲುಗಳಿಂದಲೇ ತೋರಿಸುವೆನು.

ಕಲ್ಲು ಎಲ್ಲಿದೆ?

ಮೊದಲು ಕೇಳಬೇಕಾದ ಪ್ರಶ್ನೆಯು, ಆ ಕಲ್ಲು ಎಲ್ಲಿದೆ ಎಂಬುದು. ಹಾಸ್ಯದ ಪುಸ್ತಕಗಳಲ್ಲಿ ಬರುವ ಎಷ್ಟೋ ಗೋರಿಬರಹಗಳಿಗೆ ಊರೂ ಇಲ್ಲ, ಕಲ್ಲೂ ಇಲ್ಲ. ಯಾರೋ ಮೇಜಿನ ಮುಂದೆ ಕುಳಿತು ಕಟ್ಟಿದ ಮಾತುಗಳವು.

ಒಳ್ಳೆಯ ಬರಹವಾದರೂ ಕಲ್ಲನ್ನು ಸೇರದೆ ಹೋಗುವುದುಂಟು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಮೊದಲು ಅಚ್ಚುಕೂಟದ ಕೆಲಸದವನು. ಅವನು ೧೭೨೮ರ ಸುಮಾರಿಗೆ, ಇಪ್ಪತ್ತೆರಡು ವರುಷದ ತರುಣನಾಗಿದ್ದಾಗಲೇ, ತನಗಾಗಿ ಒಂದು ಗೋರಿಬರಹವನ್ನು ರಚಿಸಿಟ್ಟನು. ತನ್ನ ದೇಹವು ಹಳೆಯ ಪುಸ್ತಕದ ರಟ್ಟಿನಂತೆ ಹುಳಗಳಿಗೆ ಆಹಾರವಾಗಿ ಬಿದ್ದಿದ್ದರೂ ಗ್ರಂಥವು ನಷ್ಟವಾಗದೆಂದೂ, ಅದರ ಕರ್ತನು ಅದನ್ನು ತಿದ್ದಿ ಇನ್ನೂ ಅಂದವಾದ ಮುದ್ರಣವಾಗಿ ಹೊರತರುವನೆಂದೂ ಅದರ ತಾತ್ಪರ್ಯ. ಪುನರುತ್ಥಾನದ ನಂಬಿಕೆಯನ್ನು ಅಚ್ಚುಕೂಟದ ಭಾಷೆಯಲ್ಲಿ ಹೇಳಿದ ಸೊಗಸು ಅದು. ಆದರೆ ಫಿಲಡೆಲ್ಫಿಯಾ ಪಟ್ಟಣದಲ್ಲಿರುವ ಅವನ ಗೋರಿಯ ಮೇಲೆ ಈ ಮಾತುಗಳು ಇಲ್ಲ. ಅವನು ೧೭೯೦ರಲ್ಲಿ ತೀರಿಕೊಂಡನು; ಕಲ್ಲಿನ ಮೇಲೆ ಅವನ ಹೆಸರು, ಹೆಂಡತಿ ಡೆಬೊರಳ ಹೆಸರು ಮತ್ತು ಆ ವರ್ಷ, ಇಷ್ಟೇ ಇರುವುದು. ತರುಣನು ಚಮತ್ಕಾರವನ್ನು ಬಯಸಿದನು. ಮುದುಕನು ಪತ್ನಿಯ ಪಕ್ಕದಲ್ಲಿ ತನ್ನ ಹೆಸರಿದ್ದರೆ ಸಾಕೆಂದನು.

ಇಂಗ್ಲೆಂಡಿನ ಮೂರು ಕಲ್ಲುಗಳು

ಈಗ ನಿಜವಾಗಿ ನಿಂತಿರುವ ಕಲ್ಲುಗಳಿಗೆ ಬರೋಣ. ಇಂಗ್ಲೆಂಡಿನ ವಿಂಚೆಸ್ಟರ್ ಮಹಾದೇವಾಲಯದ ಅಂಗಳದಲ್ಲಿ ಥಾಮಸ್ ಥೆಚರ್ ಎಂಬ ಸಿಪಾಯಿಯ ಗೋರಿ ಇದೆ. ಅವನು ೧೭೬೪ನೆಯ ಇಸವಿ ಮೇ ತಿಂಗಳ ೧೨ರಂದು, ೨೬ ವರುಷ ವಯಸ್ಸಿನಲ್ಲಿ ಸತ್ತನು. ಮೈ ಕಾದಿದ್ದಾಗ ತಣ್ಣನೆಯ ಎಳೆಯ ಬೀರು ಕುಡಿದುದರಿಂದ ಉಗ್ರವಾದ ಜ್ವರ ಬಂದು ಸತ್ತನೆಂದು ಕಲ್ಲು ಹೇಳುವುದು. ಅಷ್ಟಕ್ಕೇ ನಿಲ್ಲದೆ, ಸಿಪಾಯಿಗಳೇ, ಇವನ ಗತಿಯನ್ನು ನೋಡಿ ಬುದ್ಧಿ ಕಲಿಯಿರಿ, ಮೈ ಕಾದಾಗ ಕುಡಿದರೆ ಗಟ್ಟಿಯಾದುದನ್ನು ಕುಡಿಯಿರಿ, ಇಲ್ಲವೆ ಕುಡಿಯಲೇ ಬೇಡಿರಿ ಎಂಬರ್ಥದ ಪದ್ಯವನ್ನೂ ಸೇರಿಸಿದೆ. ಈ ಉಪದೇಶದ ಎರಡನೆಯ ಭಾಗವನ್ನು ನಮ್ಮ ಮದ್ಯಪಾನ ನಿರೋಧ ಸಂಘದವರು ಸಂತೋಷದಿಂದ ಒಪ್ಪುವರು. ಮೊದಲನೆಯ ಭಾಗವನ್ನು ಒಪ್ಪಲಾರರು.

ನಕ್ಕಾಯಿತು. ಇನ್ನೊಮ್ಮೆ ಓದೋಣ. ಈ ಕಲ್ಲನ್ನು ನಿಲ್ಲಿಸಿದವರು ಯಾರು? ಅವನ ಜೊತೆಯ ಸಿಪಾಯಿಗಳು. ಎಲ್ಲರೊಡನೆಯೂ ಅವನಿಗಿದ್ದ ಸ್ನೇಹಭಾವವನ್ನು ನೆನೆದು ತಮ್ಮ ಖರ್ಚಿನಿಂದಲೇ ನಿಲ್ಲಿಸಿದೆವೆಂದು ಅವರು ಅಲ್ಲಿಯೇ ಬರೆಸಿದ್ದಾರೆ. ೧೭೮೧ರಲ್ಲಿ ದಂಡಿನ ಅಧಿಕಾರಿಗಳು ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಕಲ್ಲು ಹಾಳಾದಾಗ ೧೮೦೨ರಲ್ಲಿ ಹೊಸ ಕಲ್ಲು ಬಂತು. ೧೯೬೬ರಲ್ಲಿ ಮತ್ತೊಂದು ಬಂತು. ಯಾವ ಯುದ್ಧವನ್ನೂ ಗೆಲ್ಲದ, ಯಾವ ಪದವಿಯನ್ನೂ ಪಡೆಯದ ಒಬ್ಬ ಬಡ ಸಿಪಾಯಿಯ ಕಲ್ಲನ್ನು ಇನ್ನೂರು ವರುಷಗಳಲ್ಲಿ ಮರಳಿ ಮರಳಿ ಎತ್ತಿ ನಿಲ್ಲಿಸಿದ್ದಾರೆ. ಮೊದಲು ಹಾಸ್ಯವೆಂದು ಕಂಡುದು ಸ್ನೇಹವೆಂದು ಈಗ ತಿಳಿಯುತ್ತದೆ.

ಎರಡನೆಯ ಕಲ್ಲು ಮಾಮ್ಸ್‌ಬರಿ ಎಂಬ ಊರಿನದು. ೧೭೦೩ನೆಯ ಇಸವಿಯ ಅಕ್ಟೋಬರಿನಲ್ಲಿ ೩೩ ವರುಷದ ಹ್ಯಾನಾ ಟ್ವಿನಾಯ್ ಎಂಬಾಕೆಯನ್ನು ಹುಲಿಯೊಂದು ಕೊಂದಿತು. ಇಂಗ್ಲೆಂಡಿನಲ್ಲಿ ಹುಲಿ ಎಲ್ಲಿಂದ ಬಂತೆಂದು ಕೇಳುವಿರಿ. ಆಕೆಯು ಕೆಲಸಕ್ಕಿದ್ದ ಛತ್ರದಲ್ಲಿ ಮೃಗಗಳ ಪ್ರದರ್ಶನ ನಡೆದಿತ್ತು, ಹುಲಿಯು ಅಲ್ಲಿಯದು. ಯೌವನದಲ್ಲಿಯೇ ಹುಲಿಯು ಆಕೆಯನ್ನು ಸೆಳೆದುಕೊಂಡಿತೆಂದೂ, ತಪ್ಪಿಸಿಕೊಳ್ಳಲು ಆಕೆಗೆ ಅವಕಾಶವಿರಲಿಲ್ಲವೆಂದೂ, ಪುನರುತ್ಥಾನದ ದಿನದ ವರೆಗೆ ಮಣ್ಣಿನ ಹಾಸಿಗೆಯಲ್ಲಿ ಮಲಗಿರುವಳೆಂದೂ ಅಲ್ಲಿಯ ಪದ್ಯವು ಹೇಳುವುದು. ಇಂಗ್ಲೆಂಡಿನವರಿಗೆ ಇದು ಮಹಾ ವಿಚಿತ್ರ. ಆದರೆ ಹುಲಿಯೊಡನೆ ಹೋರಾಡಿ ಸತ್ತವರ ಕಲ್ಲುಗಳು ನಮ್ಮ ಮಲೆನಾಡಿನಲ್ಲಿ ಎಷ್ಟೋ ಇವೆ. ಅವುಗಳನ್ನು ಹುಲಿಬೇಟೆಯ ವೀರಗಲ್ಲುಗಳೆನ್ನುವರು. ನೋಡಿ ಯಾರೂ ನಗುವುದಿಲ್ಲ. ವಿಚಿತ್ರವೆಂಬುದು ಕಲ್ಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ಓದುವವರ ಊರಿನಲ್ಲಿರುತ್ತದೆ.

ಮೂರನೆಯದು ಸ್ಟ್ರಾಟ್‌ಫರ್ಡ್ ದೇವಾಲಯದೊಳಗಿರುವ ಷೇಕ್ಸ್‌ಪಿಯರ್ ಕವಿಯ ಗೋರಿ. ಅವನು ೧೬೧೬ರಲ್ಲಿ ತೀರಿಕೊಂಡನು. ಗೋರಿಯ ಹಾಸುಗಲ್ಲಿನ ಮೇಲೆ ಅವನ ಹೆಸರೇ ಇಲ್ಲ! ಈ ಕಲ್ಲನ್ನು ಮುಟ್ಟದವನಿಗೆ ಆಶೀರ್ವಾದವನ್ನೂ, ತನ್ನ ಎಲುಬುಗಳನ್ನು ಕದಲಿಸುವವನಿಗೆ ಶಾಪವನ್ನೂ ಅದು ಕೊಡುತ್ತದೆ. ಈ ಶಾಪವನ್ನು ನೆನಪಿನಲ್ಲಿಡಿರಿ. ಇದಕ್ಕೆ ಸಮನಾದುದೊಂದನ್ನು ನಮ್ಮ ನಾಡಿನಲ್ಲಿಯೇ ಕಾಣುವೆವು.

ನಮ್ಮ ಕಲ್ಲುಗಳನ್ನು ಓದುವ ಕ್ರಮ

ನಮ್ಮ ನಾಡಿನಲ್ಲಿ ಸತ್ತವರ ಕಲ್ಲುಗಳು ಮುಖ್ಯವಾಗಿ ಮೂರು ಬಗೆ. ಹೋರಾಡಿ ಸತ್ತವರಿಗೆ ವೀರಗಲ್ಲು. ಗಂಡನೊಡನೆ ಬೆಂಕಿಯನ್ನು ಹೊಕ್ಕವಳಿಗೆ ಮಾಸ್ತಿಕಲ್ಲು. ಜೈನರಲ್ಲಿ ವ್ರತದಿಂದ ದೇಹವನ್ನು ಬಿಟ್ಟವರಿಗೆ ನಿಸಿದಿ. ಇವುಗಳಲ್ಲಿ ಹೆಚ್ಚಿನವು ಹೂಳಿದ ಸ್ಥಳದ ಗುರುತಲ್ಲ, ನೆನಪಿನ ಗುರುತು ಮಾತ್ರ.

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಕೆಳಗೆ ಓದಬಾರದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುವುವು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಅಂಕಣಗಳ ನಡುವಣ ಪಟ್ಟಿಯಲ್ಲಿ ಬರಹವಿರುತ್ತದೆ. ಏತಕ್ಕಾಗಿ ಸತ್ತನೆಂಬುದಕ್ಕೆ ಹಳೆಯ ಮಾತುಗಳೇ ಉಂಟು. ಕಳ್ಳರು ಹಿಡಿದ ದನಗಳನ್ನು ಬಿಡಿಸುವುದಕ್ಕೆ ‘ತುರುಗೊಳ್’, ಊರು ಹಾಳಾಗುವಾಗ ನಿಂತು ಕಾದಾಡಿದುದಕ್ಕೆ ‘ಊರಳಿವು’, ಹೆಣ್ಣುಮಕ್ಕಳ ಮಾನವನ್ನು ಕಾಯುವಾಗ ಸತ್ತುದಕ್ಕೆ ‘ಪೆಣ್ಬುಯ್ಯಲ್’. ಈ ಮೂರು ಮಾತುಗಳನ್ನು ತಿಳಿದರೆ, ಆ ಕಾಲದ ಹಳ್ಳಿಗಳು ಯಾವುದಕ್ಕೆ ಹೆದರುತ್ತಿದ್ದುವೆಂಬುದನ್ನೇ ತಿಳಿದಂತಾಯಿತು.

ಆತಕೂರಿನ ನಾಯಿ

ನಮ್ಮ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಮದ್ದೂರು ಸಿಗುವುದಷ್ಟೆ. ಆ ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುವ ಚಿತ್ರವಿದೆ. ಸುತ್ತಲೂ ಹಳಗನ್ನಡದ ಬರಹ. ಇದು ನಾಯಿಯ ಸ್ಮಾರಕ.

ಅದರ ಕಥೆಯು ಹೀಗಿದೆ. ಕ್ರಿ. ಶ. ೯೪೯ರಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲವೆಂಬಲ್ಲಿ ಘೋರ ಯುದ್ಧವಾಯಿತು. ತಕ್ಕೋಲವು ಈಗಿನ ತಮಿಳುನಾಡಿನಲ್ಲಿ ಅರಕ್ಕೋಣದ ಸಮೀಪದಲ್ಲಿದೆ. ಕೃಷ್ಣನ ಭಾವನಾದ ಗಂಗರ ಇಮ್ಮಡಿ ಬೂತುಗನು ಆ ಯುದ್ಧದಲ್ಲಿ ಚೋಳ ರಾಜಕುಮಾರನಾದ ರಾಜಾದಿತ್ಯನನ್ನು ಕೊಂದನು. ಬೂತುಗನ ಬಳಿಯಲ್ಲಿ ಮಣಲೇರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು! ಒಡೆಯನು ಕೊಟ್ಟನು. ಇದಲ್ಲದೆ ಆತಕೂರು ಮೊದಲಾದ ಊರುಗಳನ್ನು ‘ಬಾಳ್ಗಚ್ಚು’ ಎಂದು ಕೊಟ್ಟನು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಯುದ್ಧದಿಂದ ಬಂದ ವೀರನ ಕತ್ತಿಯನ್ನು ತೊಳೆದು ಮರ್ಯಾದೆಯಿಂದ ಕೊಡುವ ಉಂಬಳಿ ಅದು.

ತರುವಾಯ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಣ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಊಟಮಾಡಿದರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂದೂ ಬರೆಸಿದನು.

ಹಳೆಯ ಶಾಸನಗಳ ಕೊನೆಯಲ್ಲಿ ಶಾಪ ಹಾಕುವುದು ವಾಡಿಕೆ. ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬುದು ಸಾಧಾರಣವಾದ ಶಾಪ. ನಾಯಿಯ ಪಾಪ ಬರಲಿ ಎಂಬುದು ಅಪರೂಪ. ಪಾಪ, ಆ ನಾಯಿಯಾದರೂ ಮಾಡಿದ ಪಾಪವೇನು? ಒಡೆಯನು ತೋರಿಸಿದ ಹಂದಿಯ ಮೇಲೆ ಹಾರಿ, ಬಿಡದೆ ಹಿಡಿದು, ಪ್ರಾಣ ಬಿಟ್ಟುದು ಮಾತ್ರ. ದಿನವೂ ಹಸಿದ ಹೊಟ್ಟೆಯಲ್ಲಿ ನಾಯಿಯ ಕಲ್ಲಿಗೆ ಹೂವು ಏರಿಸಿದ ಬಳಿಕವೇ ಎಲೆಯ ಮುಂದೆ ಕುಳಿತುಕೊಳ್ಳಬೇಕಾಗಿದ್ದ ಆ ಗೊರವನನ್ನು ನೆನೆದು ನಗದಿರುವುದು ಕಷ್ಟವೇ ಸರಿ.

ಈಗ ಮತ್ತೊಂದಾವರ್ತಿ ಓದಿರಿ. ಮಣಲೇರನು ಕಲ್ಲು ನಿಲ್ಲಿಸಿದುದು ನಾಯಿಗಾಗಿ. ಆದರೆ ನಾಯಿಯು ತನಗೆ ಹೇಗೆ ದೊರೆಯಿತೆಂಬುದನ್ನು ಹೇಳಬೇಕಾಗಿ ಬಂದುದರಿಂದ ಯುದ್ಧದ ವಿಷಯವೂ ಅದರಲ್ಲಿ ಸೇರಿತು. ಆ ಕಾರಣದಿಂದ ತಕ್ಕೋಲದ ಯುದ್ಧವನ್ನು ಕುರಿತು ಚರಿತ್ರಕಾರರಿಗೆ ದೊರೆತಿರುವ ಮುಖ್ಯ ಆಧಾರಗಳಲ್ಲಿ ಈ ನಾಯಿಯ ಕಲ್ಲು ಒಂದಾಗಿದೆ. ದಕ್ಷಿಣ ದೇಶದ ಎರಡು ದೊಡ್ಡ ರಾಜ್ಯಗಳ ಭಾಗ್ಯವನ್ನು ನಿರ್ಣಯಿಸಿದ ಕಾಳಗದ ಸುದ್ದಿಯನ್ನು ಸಾವಿರ ವರುಷಗಳಿಂದ ಹೊತ್ತು ತಂದುದು, ಒಬ್ಬನಿಗೆ ತನ್ನ ನಾಯಿಯ ಮೇಲಿದ್ದ ಪ್ರೀತಿ. ಆ ಪ್ರೀತಿಗೆ ನಕ್ಕು ಕಲ್ಲನ್ನು ದಾಟಿಹೋಗಿದ್ದರೆ ಈ ಸುದ್ದಿಯೂ ನಮಗೆ ತಪ್ಪುತ್ತಿತ್ತು.

ನೆರೆಯ ತಮಿಳುನಾಡಿನಲ್ಲಿಯೂ ಇಂಥವುಗಳಿವೆ. ಎಡತ್ತನೂರಿನ ಏಳನೆಯ ಶತಮಾನದ ವೀರಗಲ್ಲಿನಲ್ಲಿ ವೀರನ ಪಕ್ಕದಲ್ಲಿ ಅವನ ನಾಯಿಯನ್ನೂ ಕೆತ್ತಿ, ಅದರ ಹೆಸರು ಕೋವಿವನೆಂದೂ, ಅದು ಕಳ್ಳರನ್ನು ಎದುರಿಸಿತೆಂದೂ ಬರೆದಿದ್ದಾರೆ. ಅರಸಲಾಪುರದಲ್ಲಿ ಕಾದಾಟದ ಹುಂಜವೊಂದಕ್ಕೂ ಕಲ್ಲುಂಟು.

ಊರಿನ ಹೆಸರನ್ನು ಉಳಿಸಿದ ಕಲ್ಲು

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂಬ ಕಥೆಯನ್ನು ನೀವು ಕೇಳಿರುವಿರಿ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಒಬ್ಬ ಮುದುಕಿಯು ಬೆಂದ ಕಾಳುಗಳನ್ನು ಕೊಟ್ಟಳೆಂದೂ, ಅದರಿಂದ ಊರಿಗೆ ಬೆಂದಕಾಳೂರೆಂದು ಹೆಸರಾಯಿತೆಂದೂ ಹೇಳುವರು. ಕಥೆಯು ಇಂಪಾಗಿದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ. ಶ. ೮೯೦ರ ಸುಮಾರಿನ ಒಂದು ವೀರಗಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿಯು ಸತ್ತನೆಂಬುದು ಅದರ ಸಾರಾಂಶ. ಬಲ್ಲಾಳನು ಆಳಿದುದು ಕ್ರಿ. ಶ. ೧೧೭೩ರಿಂದ ೧೨೨೦ರ ವರೆಗೆ. ಮುದುಕಿಯು ಕಾಳು ಬೇಯಿಸುವುದಕ್ಕೆ ಸುಮಾರು ಮುನ್ನೂರು ವರುಷ ಮೊದಲೇ ಊರಿಗೆ ಆ ಹೆಸರಿತ್ತು! ರಾಜನ ಕಥೆಯು ನಿಲ್ಲಲಿಲ್ಲ. ರಾಜನಲ್ಲದ ಬುಟ್ಟಣಸೆಟ್ಟಿಯ ಕಲ್ಲು ನಿಂತಿತು.

ಅರಸನ ಕಲ್ಲಾದರೂ ಯಾವಾಗಲೂ ಅರಸನನ್ನು ಆನೆಯ ಮೇಲೆ ತೋರಿಸುವುದಿಲ್ಲ. ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ, ಕ್ರಿ. ಶ. ೮೭೦ರ ಸುಮಾರಿನ ಕಲ್ಲಿನಲ್ಲಿ ಗಂಗರ ನೀತಿಮಾರ್ಗನು ಮರಣಶಯ್ಯೆಯಲ್ಲಿದ್ದಾನೆ, ಅಗರಯ್ಯನೆಂಬ ಸೇವಕನು ಅವನನ್ನು ಆತುಕೊಂಡಿದ್ದಾನೆ, ಮಗನು ಹತ್ತಿರದಲ್ಲಿದ್ದಾನೆ. ಕೊನೆಯ ಗಳಿಗೆಯಲ್ಲಿ ಅರಸನಿಗೆ ಬೇಕಾದುದು ಇತರರಿಗೆ ಬೇಕಾದುದೇ: ತಲೆಗೆ ಒಂದು ಆಸರೆ, ಕಣ್ಣೆದುರಿಗೆ ತನ್ನವರ ಮುಖ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ, ಏಳನೆಯ ಶತಮಾನದವನೆಂದು ಎಣಿಸಲಾದ ನಂದಿಸೇನ ಮುನಿಯ ನಿಸಿದಿ ಲೇಖವಿದೆ. ರೂಪ, ಭೋಗ, ಐಶ್ವರ್ಯಗಳೆಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಮರೆಯಾಗುವುವೆಂದು ತಿಳಿದು ಆತನು ದೇಹವನ್ನು ಬಿಟ್ಟನೆಂಬುದು ಅದರ ಭಾವ. ಇಷ್ಟು ಬೇಗ ಮಾಯವಾಗುವ ಮೂರು ವಸ್ತುಗಳನ್ನು ಹೇಳುವುದಕ್ಕೆ ಬಂಡೆಯನ್ನು ಆರಿಸಿಕೊಂಡರು. ಮಂಜು ಕರಗಿತು, ಮಂಜೆಂಬ ಮಾತು ಸಾವಿರದ ಮುನ್ನೂರು ವರುಷ ಉಳಿಯಿತು. ಇದೂ ಒಂದು ಬಗೆಯ ವಿನೋದವೇ.

ನಗಲಾಗದ ಕಲ್ಲು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ. ಶ. ೧೦೫೭ರ ಒಂದು ಶಾಸನವಿದೆ. (ಹೆಸರು ಒಂದೇ ಆದರೂ ಕಾಳಿಯು ಸತ್ತ ಬೆಳತೂರು ಬೇರೆ.) ಇದು ದೇಕಬ್ಬೆಯ ಕಲ್ಲು. ಆಕೆಯು ನುಗುನಾಡಿನ ಒಡೆಯ ರವಿಗನ ಮಗಳು. ನವಲೆನಾಡಿನ ಒಡೆಯ ಏಚನ ಹೆಂಡತಿ. ಏಚನು ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದನು. ಸತ್ತವನು ಅರಸನ ಸಂಬಂಧಿಯಾಗಿದ್ದನು. ಚೋಳ ಅರಸನ ಅಪ್ಪಣೆಯಿಂದ ಏಚನನ್ನು ಕೊಲ್ಲಿಸಲಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆಯು ಬೆಂಕಿಯನ್ನು ಹೊಗಲು ನಿಶ್ಚಯಿಸಿದಳು. ತಾಯಿತಂದೆಗಳೂ ಬಂಧುಗಳೂ ಬೇಡವೆಂದು ಅಂಗಲಾಚಿದರು. ಆಕೆಯು ಕೇಳದೆ, ದಾನಗಳನ್ನು ಕೊಟ್ಟು, ಕೈಮುಗಿದು ಬೆಂಕಿಯನ್ನು ಹೊಕ್ಕಳು. ಶಾಸನವು ಒಳ್ಳೆಯ ಕಾವ್ಯವಾಗಿದೆ. ಆಕೆಯನ್ನು ಬಹಳವಾಗಿ ಹೊಗಳುತ್ತದೆ.

ನನ್ನ ವಿದ್ಯಾರ್ಥಿನಿಯರೇ, ಹೊಗಳಿಕೆಯ ಕಲ್ಲುಗಳನ್ನೂ ಎರಡಾವರ್ತಿ ಓದಬೇಕು. ಮೊದಲ ಓದಿನಲ್ಲಿ ಕೀರ್ತಿಯು ಕಾಣುವುದು. ಎರಡನೆಯ ಓದಿನಲ್ಲಿ ಬೇಡವೆಂದು ಅಳುತ್ತಿರುವ ತಾಯಿಯೂ ತಂದೆಯೂ ಕಾಣುವರು. ಕವಿಯು ಅವರನ್ನು ಬಿಡದೆ ಬರೆದುದು ನಮ್ಮ ಪುಣ್ಯ. ಮಗಳು ಬದುಕಿರಲಿ ಎಂದು ಬಯಸಿದವರು ಆ ಕಾಲದಲ್ಲಿಯೂ ಇದ್ದರೆಂಬುದಕ್ಕೆ ಕಲ್ಲೇ ಸಾಕ್ಷಿ. ಸಹಗಮನವನ್ನು ನಿಷೇಧಿಸುವ ಕಾಯಿದೆಯು ಬಂಗಾಳದಲ್ಲಿ ಬಂದುದು ೧೮೨೯ರಲ್ಲಿ. ಬೆಳತೂರಿನ ತಾಯಿತಂದೆಗಳು ಅದಕ್ಕೆ ೭೭೨ ವರುಷ ಮೊದಲೇ ಅದೇ ಮಾತನ್ನು ಹೇಳಿದ್ದರು. ದೇಕಬ್ಬೆಯ ಧೈರ್ಯವನ್ನು ನಾನು ಹಳಿಯುವುದಿಲ್ಲ. ಅಂಥ ಧೈರ್ಯವುಳ್ಳವಳು ಬದುಕಿದ್ದರೆ ಏನೇನು ಮಾಡಬಹುದಾಗಿತ್ತೆಂಬುದನ್ನು ಯಾವ ಕಲ್ಲೂ ಬರೆದಿಲ್ಲ. ಅದನ್ನು ನೀವು ಯೋಚಿಸಬೇಕು.

ಶ್ರೀರಂಗಪಟ್ಟಣದ ದಂಡಿನ ಸ್ಮಶಾನ

ಇಂಗ್ಲೆಂಡಿನ ಬಗೆಯ ಗೋರಿಗಳನ್ನು ನೋಡಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಬಳಿ ಹಳೆಯ ದಂಡಿನ ಸ್ಮಶಾನವಿದೆ. ಅಲ್ಲಿ ಸುಮಾರು ಮುನ್ನೂರು ಗೋರಿಗಳು. ಅವುಗಳಲ್ಲಿ ಹಲವು ಇಂಗ್ಲಿಷರವಲ್ಲ, ಸ್ವಿಟ್ಜರ್‌ಲೆಂಡಿನ ದ ಮ್ಯೂರಾನ್ ರೆಜಿಮೆಂಟಿನವರವು. ೧೭೮೧ರಲ್ಲಿ ಡಚ್ಚರ ಕಂಪನಿಗಾಗಿ ಕೂಡಿಸಿದ ಆ ಪಡೆಯು ೧೭೯೫ರಲ್ಲಿ ಸಿಂಹಳದಲ್ಲಿ ಇಂಗ್ಲಿಷರ ಸೇವೆಗೆ ಸೇರಿ, ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಾಡಿತು. ಹಿಮದ ಬೆಟ್ಟಗಳ ನಾಡಿನಲ್ಲಿ ಹುಟ್ಟಿ, ಡಚ್ಚರ ಸಂಬಳ ತಿಂದು, ಇಂಗ್ಲಿಷರಿಗಾಗಿ ಯುದ್ಧಮಾಡಿ, ಕಾವೇರಿಯ ಮಣ್ಣಿನಲ್ಲಿ ಮಲಗಿದವರು ಅವರು! ವಿಧಿಯ ವಿನೋದವೆಂದರೆ ಇದೇ.

ಅಲ್ಲಿಯ ಕಲ್ಲುಗಳ ಮೇಲೆ ವಯಸ್ಸನ್ನು ನೋಡುತ್ತ ನಡೆಯಿರಿ. ಯುದ್ಧವು ಮುಗಿದ ಮೇಲೆಯೂ ಆ ದ್ವೀಪದ ಜ್ವರವು ದಂಡನ್ನು ಬಿಡಲಿಲ್ಲ. ಆ ಕಾರಣದಿಂದಲೇ ೧೮೦೯ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ಕಂಟೋನ್‌ಮೆಂಟು ಹುಟ್ಟಿದುದು ಹೀಗೆ. ಹಾಳುಬಿದ್ದಿದ್ದ ಈ ಸ್ಮಶಾನವನ್ನು ೨೦೦೭–೦೮ರ ಸುಮಾರಿಗೆ ದ ಮ್ಯೂರಾನ್ ವಂಶದವರು ಜೀರ್ಣೋದ್ಧಾರ ಮಾಡಿಸಿದರು.

ಕಲ್ಲುಗಳನ್ನು ಉಳಿಸಿದವರು

ಬರೆದ ಕಲ್ಲುಗಳೆಲ್ಲ ಉಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿಯೂ, ಮೋರಿಯ ಚಪ್ಪಡಿಗಳಾಗಿಯೂ, ಮೆಟ್ಟಿಲುಗಳಾಗಿಯೂ ಸವೆದುಹೋಗಿವೆ. ಉಳಿದುವನ್ನು ಓದಿ ಅಚ್ಚುಹಾಕಿಸಿದವರಲ್ಲಿ ಮೊದಲಿಗರೆಂದರೆ ಬೆಂಜಮಿನ್ ಲೂಯಿ ರೈಸ್ ಅವರು. ಅವರು ಲಂಡನ್ ಮಿಷನ್ನಿನ ಪಾದ್ರಿಗಳ ಮಗನಾಗಿ ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹು��್ಟಿದರು. ಮೊದಲು ಉಪಾಧ್ಯಾಯರು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರು. ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ಅವರ ದೃಷ್ಟಿಯು ಶಾಸನಗಳ ಮೇಲೆ ಬಿದ್ದಿತು. ೧೮೮೬ರಿಂದ ೧೯೦೪ರ ವರೆಗಿನ ಅವಧಿಯಲ್ಲಿ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರು ಆ ಕೆಲಸವನ್ನು ಮುಂದುವರಿಸಿದರು. ಮಿಷನ್ ಮನೆಯಲ್ಲಿ ಬೆಳೆದ ಒಬ್ಬ ಉಪಾಧ್ಯಾಯರು ಮಣಲೇರನ ನಾಯಿಯನ್ನೂ ದೇಕಬ್ಬೆಯ ತಾಯಿತಂದೆಗಳನ್ನೂ ಸಮಾನವಾದ ಆದರದಿಂದ ಓದಿದರೆಂಬುದನ್ನು ನಮ್ಮ ಶಾಲೆಯವರು ಮರೆಯಬಾರದು.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವುದಕ್ಕೆ ಪಡಿಯಚ್ಚು ತೆಗೆಯುವುದೆನ್ನುವರು. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿದರೆ ಕಾಗದವು ಅಕ್ಷರದ ಹಳ್ಳಗಳಿಗೆ ಇಳಿಯುವುದು. ಮೇಲೆ ಮಸಿಯನ್ನು ಒತ್ತಿದಾಗ ಹಳ್ಳಗಳಿಗೆ ಮಸಿ ತಾಕದೆ, ಅಕ್ಷರಗಳು ಬಿಳಿಯಾಗಿ ಮೂಡುವುವು. ಇದು ತಿಳಿದವರ ಕೆಲಸ. ನೀವು ಕಲ್ಲಿಗೆ ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬೇಡಿರಿ, ಮೊಳೆಯಿಂದ ಕೆರೆಯಬೇಡಿರಿ. ಸಂಜೆಯ ಓರೆ ಬಿಸಿಲಿನಲ್ಲಿ ಪಕ್ಕದಿಂದ ನೋಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುವುದು. ಭಾರತ ಸರ್ಕಾರದ ಶಾಸನ ವಿಭಾಗದ ಕಚೇರಿಯು ನಮ್ಮ ಮೈಸೂರಿನಲ್ಲಿಯೇ ಇದೆ. ನಿಮ್ಮ ಊರಿನಲ್ಲಿ ಬರಹವುಳ್ಳ ಕಲ್ಲು ಕಂಡರೆ ಹಿರಿಯರ ಮೂಲಕ ತಿಳಿಸಿರಿ.

ಆ ಹುಡುಗಿಯ ಮಾತಿಗೆ ಹಿಂದಿರುಗುವೆನು. ಕೆಲವು ವಾರಗಳಾದ ಮೇಲೆ ಅವಳು ಮತ್ತೆ ಬಂದು, ಅಜ್ಜಿಯ ಕಲ್ಲಿಗೆ ಏನು ಬರೆಸಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆಯೆಂದು ಹೇಳಿದಳು. “ನೀನು ಏನು ಬರೆಸುವೆ?” ಎಂದು ಕೇಳಿದೆನು. ಅವಳು ಒಂದು ಚೀಟಿಯನ್ನು ಕೊಟ್ಟಳು. ಅಜ್ಜಿಯ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಕೆಳಗೆ ಒಂದೇ ಸಾಲು: “ಓದು ಬಾರದ ಈಕೆ ಐವರು ಮೊಮ್ಮಕ್ಕಳ ಪಾಠವನ್ನು ದಿನವೂ ಒಪ್ಪಿಸಿಕೊಂಡಳು.” ನನಗೆ ನಗು ಬಂತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಮಕ್ಕಳ ಪಾಠವನ್ನು ಗಂಭೀರವಾಗಿ ಕೇಳುವ ಒಬ್ಬ ಮುದುಕಿಯು ನನ್ನ ಕಣ್ಣ ಮುಂದೆ ನಿಂತಳು. ಹುಡುಗಿಯೂ ನಕ್ಕಳು. ಅವಳು ಕೇಳಿದ ಪ್ರಶ್ನೆಗೆ ಅವಳೇ ಉತ್ತರವನ್ನು ಬರೆದು ತಂದಿದ್ದಳು.

ಅಭ್ಯಾಸ

೧. ನಿಮ್ಮ ಊರಿನ ಯಾವುದಾದರೂ ಹಳೆಯ ಗೋರಿಕಲ್ಲನ್ನೋ ವೀರಗಲ್ಲನ್ನೋ ನೋಡಿ, ಯಾರಿಗಾಗಿ, ಯಾರಿಂದ, ಯಾವಾಗ, ಏತಕ್ಕೆ ನಿಂತಿತೆಂಬುದನ್ನು ಬರೆಯಿರಿ.

೨. ಮಣಲೇರನು ನಾಯಿಯ ಕಲ್ಲಿನಲ್ಲಿ ಯುದ್ಧದ ವಿಷಯವನ್ನು ಏಕೆ ಬರೆಸಿದನು?

೩. ದೇಕಬ್ಬೆಯ ತಾಯಿಯು ಒಂದು ಕಲ್ಲು ನಿಲ್ಲಿಸಿದ್ದರೆ ಅದರ ಮೇಲೆ ಏನು ಬರೆಸುತ್ತಿದ್ದಳು? ನಾಲ್ಕು ಸಾಲು ಮೀರದಂತೆ ಬರೆಯಿರಿ.

೪. ನಿಮ್ಮ ಮನೆಯ ಹಿರಿಯರೊಬ್ಬರನ್ನು ಕುರಿತು, ಅವರು ಬದುಕಿರುವಾಗಲೇ, ನಿಜವಾದ ಒಂದು ಸಾಲನ್ನು ಬರೆದು ಅವರಿಗೆ ಓದಿ ಹೇಳಿರಿ. ಇದಕ್ಕೆ ಕಲ್ಲು ಬೇಡ.